ಮುಟ್ಟುವ ಮುನ್ನ ನೋಡುವುದು: ರೋಗಿಯ ವೀಕ್ಷಣಾ ಪರೀಕ್ಷೆಯನ್ನು ಕಲಿಯುವುದು ಹೇಗೆ?

ಪ್ರಶ್ನೆ: ಎಂಬಿಬಿಎಸ್ ಮೂರನೆಯ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಓದುತ್ತಿದ್ದೇನೆ. ಕಳೆದ ವಾರ ಮೆಡಿಸಿನ್ ವಾರ್ಡಿನಲ್ಲಿ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಏದುಸಿರಿನಿಂದ ದಾಖಲಾಗಿದ್ದ ಸುಮಾರು ಅರವತ್ತು ವರ್ಷದ ರೈತರೊಬ್ಬರನ್ನು ಪರೀಕ್ಷಿಸಿ, ಕಂಡದ್ದನ್ನು ನಾನು ಪ್ರಾಧ್ಯಾಪಕರಿಗೆ ಒಪ್ಪಿಸಬೇಕಿತ್ತು. ಆರು ಲಕ್ಷಣಗಳನ್ನು ನೆನಪಿಡಲು ನಾವೆಲ್ಲರೂ ಬಾಯಿಪಾಠ ಮಾಡುವ ‘ಪಿಕಲ್’ ಸೂತ್ರದ ಪ್ರಕಾರ, ಬಿಳಿಚಿಲ್ಲ, ಕಾಮಾಲೆ ಇಲ್ಲ, ನೀಲಿಗಟ್ಟಿಲ್ಲ, ಬೆರಳ ತುದಿ ಉಬ್ಬಿಲ್ಲ, ದುಗ್ಧಗ್ರಂಥಿಗಳು ಊದಿಲ್ಲ, ಕಾಲು ಬಾತಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಪ್ರಾಧ್ಯಾಪಕರು ನನ್ನನ್ನು ಮಂಚಕ್ಕೆ ಬೆನ್ನು ಮಾಡಿ ನಿಲ್ಲಿಸಿ, ‘ಅವರು ಮಲಗಿದ್ದಾರೋ, ಕುಳಿತಿದ್ದಾರೋ? ಕೈಗಳು ಎಲ್ಲಿವೆ? ಉಸಿರು ಬಿಡುವಾಗ ತುಟಿ ಹೇಗಿರುತ್ತದೆ? ಮಂಚದ ಕೆಳಗೆ ಏನಿದೆ?’ ಎಂದು ಕೇಳಿದರು. ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ತಿರುಗಿ ನೋಡಿದರೆ, ಅವರು ಮುಂದಕ್ಕೆ ಬಾಗಿ, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿ, ಬಿಸಿ ಹಾಲನ್ನು ಆರಿಸುವವರಂತೆ ತುಟಿ ಕೂಡಿಸಿ ನಿಧಾನವಾಗಿ ಉಸಿರು ಬಿಡುತ್ತಿದ್ದರು. ಮಂಚದ ಕೆಳಗೆ ಕಫ ಉಗುಳುವ ಡಬ್ಬಿ ಇತ್ತು. ಬಲಗೈಯ ಎರಡು ಬೆರಳುಗಳ ಮೇಲೆ ಬೀಡಿಯ ಕಂದು ಕಲೆ ಇತ್ತು. ಅವರ ಪಕ್ಕದಲ್ಲಿ ನಾನು ಹತ್ತು ನಿಮಿಷ ನಿಂತಿದ್ದೆ.

ನನ್ನ ಪ್ರಶ್ನೆ ಇದು. ಸ್ಪರ್ಶ, ತಟ್ಟುವಿಕೆ, ಆಲಿಸುವಿಕೆ ಇವುಗಳನ್ನು ಕೈಹಿಡಿದು ಕಲಿಸುತ್ತಾರೆ. ನೋಡುವುದು ಮಾತ್ರ ಎಲ್ಲರಿಗೂ ತಾನಾಗಿ ಬರುತ್ತದೆ ಎಂಬಂತೆ ಮುಂದೆ ಸಾಗುತ್ತೇವೆ. ಅದನ್ನು ಅಭ್ಯಾಸ ಮಾಡುವ ಬಗೆ ಯಾವುದು? ನಮ್ಮ ಪಠ್ಯಗಳ ಚಿತ್ರಗಳಲ್ಲಿ ಬಹುಪಾಲು ಬಿಳಿಯ ಚರ್ಮವೇ ಇರುತ್ತದೆ, ನಮ್ಮ ವಾರ್ಡಿನಲ್ಲಿರುವುದು ಕಂದು ಚರ್ಮ ಮತ್ತು ಟ್ಯೂಬ್‌ಲೈಟು. ಇದಕ್ಕೆ ಏನು ಮಾಡಬೇಕು? ಕೊನೆಯದಾಗಿ, ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಸೆರಗು ಸರಿಸಿ ಎಂದು ಕೇಳುವುದಕ್ಕೆ, ನಾನೂ ಹೆಣ್ಣಾಗಿದ್ದರೂ, ನಾಲಿಗೆ ಏಳುವುದಿಲ್ಲ.

ಉತ್ತರ 1: ನಿವೃತ್ತ ವೈದ್ಯ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸೇವೆ

ನೀವು ಬಾಯಿಪಾಠ ಮಾಡಿದ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಕಣ್ಣಿಗಿಂತ ಮೊದಲು ಬಾಯಿ ಹೇಳಿಬಿಡುತ್ತದೆ; ‘ಇಲ್ಲ’ ಎಂದು ಹೇಳುವುದಕ್ಕೆ ನೋಡಬೇಕಾದ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಎರಡನೆಯ ಸುತ್ತಿಗೆ ಇಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ಮಂಚದ ಕಾಲುಗಡೆ ಕೈಕಟ್ಟಿ ಒಂದು ಪೂರ್ಣ ನಿಮಿಷ ನಿಲ್ಲಿ. ಗಡಿಯಾರ ಇಟ್ಟುಕೊಂಡು ನಿಂತರೆ ಒಂದು ನಿಮಿಷ ಎಷ್ಟು ದೀರ್ಘವೆಂಬುದು ತಿಳಿಯುತ್ತದೆ.

ವಿಯೆನ್ನಾದ ಔಯೆನ್‌ಬ್ರುಗ್ಗರ್ ಎದೆಯನ್ನು ತಟ್ಟಿ ನೋಡುವ ವಿಧಾನವನ್ನು ಪ್ರಕಟಿಸಿದ್ದು 1761ರಲ್ಲಿ, ಪ್ಯಾರಿಸಿನ ಲೆನೆಕ್ ಸ್ಟೆತೊಸ್ಕೋಪ್ ಕಂಡುಹಿಡಿದದ್ದು 1816ರಲ್ಲಿ. ಅದಕ್ಕೆ ಮೊದಲು ವೈದ್ಯನ ಬಳಿ ಇದ್ದುದು ಮುಖ್ಯವಾಗಿ ಕಣ್ಣು, ಕೈ ಮತ್ತು ಪ್ರಶ್ನೆ. ನಮ್ಮ ಆಯುರ್ವೇದವೂ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆಯ ಪರೀಕ್ಷೆಗಳನ್ನು ಹೇಳುವಾಗ ದರ್ಶನವನ್ನೇ ಮೊದಲು ಇಟ್ಟಿದೆ. ನೋಟ ಮೊದಲು ಬರಬೇಕು ಎನ್ನುವುದಕ್ಕೆ ಸ್ಪಷ್ಟವಾದ ಕಾರಣವಿದೆ: ನೀವು ಕೈ ಇಟ್ಟ ಕ್ಷಣದಿಂದ ರೋಗಿ ಬದಲಾಗುತ್ತಾರೆ. ಹೊಟ್ಟೆ ಬಿಗಿಯುತ್ತದೆ, ಮಗು ಅಳುತ್ತದೆ, ಉಸಿರಿನ ಲಯ ಏರುಪೇರಾಗುತ್ತದೆ. ಮುಟ್ಟುವ ಮುನ್ನ ಇದ್ದ ಸ್ಥಿತಿಯನ್ನು ಆಮೇಲೆ ಮರಳಿ ನೋಡಲಾಗುವುದಿಲ್ಲ.

ನಿಮ್ಮ ಆ ರೈತರನ್ನೇ ತೆಗೆದುಕೊಳ್ಳೋಣ. ಕೈಗಳನ್ನು ಊರಿದಾಗ ತೋಳು ಮತ್ತು ಭುಜ ಸ್ಥಿರವಾಗಿ ನಿಲ್ಲುತ್ತವೆಯಾದ್ದರಿಂದ, ಸಾಮಾನ್ಯವಾಗಿ ತೋಳನ್ನು ಆಡಿಸುವ ಸ್ನಾಯುಗಳು ಪಕ್ಕೆಲುಬನ್ನು ಮೇಲೆತ್ತುವ ಕೆಲಸಕ್ಕೆ ಒದಗುತ್ತವೆ. ತುಟಿ ಕೂಡಿಸಿ ಉಸಿರು ಬಿಟ್ಟಾಗ ಶ್ವಾಸನಾಳಗಳಲ್ಲಿ ಸ್ವಲ್ಪ ಒತ್ತಡ ಉಳಿಯುತ್ತದೆ. ಸಡಿಲಗೊಂಡ ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳುವುದನ್ನು ಅದು ತಡೆಯುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ದೇಹವೇ ಕಂಡುಕೊಂಡಿದೆ. ಹೊಟ್ಟೆನೋವಿನವರಲ್ಲಿಯೂ ಭಂಗಿಯೇ ಅರ್ಧ ಕಥೆ ಹೇಳುತ್ತದೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು ಒಂದು ಕಡೆ ಇರಲಾರದೆ ಹೊರಳಾಡುತ್ತಾರೆ. ಕರುಳು ತೂತಾಗಿ ಉದರದ ಒಳಪೊರೆಗೆ ಉರಿಯೂತ ಬಂದವರು ಅಲುಗದೆ ಮಲಗಿರುತ್ತಾರೆ, ಮಂಚಕ್ಕೆ ಯಾರ ಕಾಲಾದರೂ ತಗುಲಿದರೂ ಮುಖ ಕಿವುಚುತ್ತಾರೆ, ಉಸಿರಾಟಕ್ಕೆ ತಕ್ಕಂತೆ ಅವರ ಹೊಟ್ಟೆ ಏಳುವುದಿಲ್ಲ.

ಉಸಿರನ್ನು ಎಣಿಸುವಾಗ, ಎಣಿಸುತ್ತಿದ್ದೇನೆ ಎಂದು ಹೇಳಬೇಡಿ. ಹೇಳಿದೊಡನೆ ಅವರು ಬೇರೆ ರೀತಿ ಉಸಿರಾಡತೊಡಗುತ್ತಾರೆ. ನಾಡಿ ನೋಡಿದ ಮೇಲೆ ಮಣಿಕಟ್ಟನ್ನು ಬಿಡದೆ ಹಿಡಿದುಕೊಂಡೇ ಎದೆಯ ಕಡೆ ಕಣ್ಣು ಹಾಯಿಸಿ ಎಣಿಸಿ.

ಬೆಳಕಿನ ಬಗ್ಗೆ ನೀವು ಕೇಳಿದ್ದು ಬಹಳ ಮುಖ್ಯವಾದ ಮಾತು. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಸಾಮಾನ್ಯವಾಗಿ ಡೆಸಿಲೀಟರಿಗೆ 2.5ರಿಂದ 3 ಮಿಲಿಗ್ರಾಂ ಮುಟ್ಟುವವರೆಗೆ ಕಾಮಾಲೆ ಕಣ್ಣಿಗೆ ಕಾಣುವುದಿಲ್ಲ, ಹಳದಿ ಛಾಯೆಯ ದೀಪದಡಿ ಇನ್ನೂ ಹೆಚ್ಚಾದರೂ ಕಾಣದೆ ಹೋಗಬಹುದು. ಎದ್ದು ಬರಬಲ್ಲವರನ್ನು ಕಿಟಕಿಯ ಬಳಿಗೆ ಕರೆದೊಯ್ಯಿರಿ. ನಮ್ಮ ಜನರಲ್ಲಿ, ಅದರಲ್ಲೂ ಬಿಸಿಲಿನಲ್ಲಿ ದುಡಿಯುವವರಲ್ಲಿ, ಕಣ್ಣಿನ ಬಿಳಿಯ ತೆರೆದ ಭಾಗ ತುಸು ಕಂದಾಗಿಯೋ ಮಾಸಲು ಹಳದಿಯಾಗಿಯೋ ಇರುವುದುಂಟು. ಆದ್ದರಿಂದ ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆಯನ್ನು ಎತ್ತಿ, ಯಾವಾಗಲೂ ಮುಚ್ಚಿರುವ ಭಾಗವನ್ನು ನೋಡಬೇಕು. ನಾಲಿಗೆಯ ಅಡಿಯನ್ನೂ ನೋಡಬೇಕು. ಕೆನ್ನೆಗೆ, ಪಾದಕ್ಕೆ ಅರಿಶಿನ ಹಚ್ಚಿಕೊಂಡ ಗೃಹಿಣಿಯ ಚರ್ಮ ಹಳದಿಯಾಗಿರುತ್ತದೆ, ಕಣ್ಣು ಬೆಳ್ಳಗಿರುತ್ತದೆ. ಪಪ್ಪಾಯಿ, ಗಜ್ಜರಿ ಬಹಳವಾಗಿ ತಿಂದವರ ಅಂಗೈ ಹಳದಿಯಾದಾಗಲೂ ಹಾಗೆಯೇ.

ನೀಲಿಗಟ್ಟುವಿಕೆಯ ವಿಷಯದಲ್ಲಿ ಒಂದು ಲೆಕ್ಕ ನೆನಪಿರಲಿ. ಲೋಮನಾಳಗಳ ರಕ್ತದಲ್ಲಿ ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಸುಮಾರು 5 ಗ್ರಾಂ ಆದಾಗ ನೀಲಿ ಕಾಣುತ್ತದೆ. ಒಟ್ಟು 15 ಗ್ರಾಂ ಇರುವವರಲ್ಲಿ ಅದು ಮೂರರಲ್ಲಿ ಒಂದು ಪಾಲು. ಒಟ್ಟು 6 ಗ್ರಾಂ ಮಾತ್ರ ಇರುವ ತೀವ್ರ ರಕ್ತಹೀನತೆಯ ಬಾಣಂತಿಯಲ್ಲಿ ಆರರಲ್ಲಿ ಐದು ಪಾಲು ಆಗಬೇಕು. ಅಷ್ಟರೊಳಗೆ ಜೀವ ಉಳಿಯುವುದಿಲ್ಲ. ಆಕೆ ನೀಲಿಗಟ್ಟಿಲ್ಲ ಎಂಬುದು ಸಮಾಧಾನದ ಮಾತಲ್ಲ. ಮತ್ತು ನೀಲಿಯನ್ನು ನಾಲಿಗೆಯಲ್ಲಿ ಹುಡುಕಿ. ಉಗುರು ಚಳಿಗೂ ನೀಲಿಯಾಗುತ್ತದೆ.

ತುಮಕೂರು ಜಿಲ್ಲೆಯ ಪಾವಗಡದ ಕಡೆಯಲ್ಲಿ, ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ, ಬಾಯಿ ತೆರೆದೊಡನೆ ಕಂದು ಪಟ್ಟೆಯ ಹಲ್ಲುಗಳು ಕಾಣುತ್ತವೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಕಡೆ ಇದು ಸಾಮಾನ್ಯ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿಯೇ ಆ ಕಲೆ ಬೀಳುವುದರಿಂದ, ಈಗ ಬೆಂಗಳೂರಿನಲ್ಲಿ ವಾಸಿಸುವವರ ಹಲ್ಲು ಕೂಡ ಅವರು ಯಾವ ನೀರು ಕುಡಿದು ಬೆಳೆದರೆಂಬುದನ್ನು ಹೇಳುತ್ತದೆ. ಅಂಥವರು ಬೆನ್ನು ಬಿಗಿಯುತ್ತದೆ, ಬಗ್ಗಲಾಗುವುದಿಲ್ಲ ಎಂದರೆ ನಾನು ಮೊದಲು ಮೂಳೆಯ ಫ್ಲೋರೋಸಿಸ್ ಅನ್ನು ನೆನೆಯುತ್ತಿದ್ದೆ.

ನನ್ನಿಂದಲೇ ಆದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಸೇವೆಗೆ ಸೇರಿದ ಹೊಸದರಲ್ಲಿ, ಎಡ ಎದೆಯಲ್ಲಿ ಉರಿನೋವು ಎಂದು ಬಂದ ಮಧ್ಯವಯಸ್ಕರೊಬ್ಬರ ಅಂಗಿಯ ಎರಡು ಗುಂಡಿ ಬಿಚ್ಚಿಸಿ, ಸ್ಟೆತೊಸ್ಕೋಪ್ ಒಳತೂರಿಸಿ ಕೇಳಿ, ಇಸಿಜಿ ಮಾಡಿಸಿ, ಹೃದಯದ ನೋವಿರಬಹುದೆಂದು ಜಿಲ್ಲಾಸ್ಪತ್ರೆಗೆ ಕಳುಹಿಸಿದೆ. ಮನೆಯವರು ಸಾಲ ಮಾಡಿ ವಾಹನ ಗೊತ್ತುಮಾಡಿದರು. ಅಲ್ಲಿ ಅಂಗಿ ತೆಗೆಸಿದಾಗ ಬೆನ್ನಿನಿಂದ ಕಂಕುಳಿನವರೆಗೆ ಒಂದೇ ಪಟ್ಟಿಯಾಗಿ ಎದ್ದಿದ್ದ ಸಣ್ಣ ನೀರುಗುಳ್ಳೆಗಳು ಕಂಡವು. ಸರ್ಪಸುತ್ತು ಎಂದು ಅವರ ಊರಿನ ಯಾವ ಅಜ್ಜಿಯಾದರೂ ಹೇಳುತ್ತಿದ್ದರು. ಅಂದಿನಿಂದ ಎದೆಯ ನೋವಿನವರ ಬೆನ್ನನ್ನು ನೋಡದೆ ನಾನು ಒಬ್ಬರನ್ನೂ ಕಳುಹಿಸಿಲ್ಲ.

ಉತ್ತರ 2: ಚರ್ಮರೋಗ ತಜ್ಞೆ

ಮೇಲಿನ ಹಿರಿಯರು ಬೆಳಕಿನ ಬಗ್ಗೆ ಹೇಳಿರುವುದಕ್ಕೆ ಕಂದು ಚರ್ಮದ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಪಠ್ಯಗಳಲ್ಲಿ ‘ಕೆಂಪಾಗುತ್ತದೆ’ ಎಂದು ಬರೆದಿರುವುದು ನಮ್ಮಲ್ಲಿ ಅನೇಕ ವೇಳೆ ಕೆಂಪಾಗಿ ಕಾಣುವುದಿಲ್ಲ; ಸುತ್ತಲಿನ ಚರ್ಮಕ್ಕಿಂತ ಗಾಢವಾದ ಕಂದಾಗಿಯೋ ನೇರಳೆಯಾಗಿಯೋ ಕಾಣುತ್ತದೆ. ಕಾಲಿನ ಚರ್ಮದಡಿ ಸೋಂಕು ಹರಡುತ್ತಿರುವಾಗ ಬಣ್ಣವನ್ನಷ್ಟೇ ಹುಡುಕಿದರೆ ತಡವಾಗುತ್ತದೆ. ಎರಡೂ ಕಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು, ಹೊಳಪು, ಬಿಗಿತ, ಚರ್ಮದ ಸಣ್ಣ ಗೆರೆಗಳು ಅಳಿಸಿಹೋಗಿರುವುದು ಇವುಗಳನ್ನು ಹೋಲಿಸಿ ನೋಡಬೇಕು. ಆಮೇಲೆ ಅಂಗೈಯ ಹಿಂಬದಿಯಿಂದ ಕಾವನ್ನು ನೋಡಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಆಗುತ್ತದೆ: ನಮ್ಮ ಜನರಲ್ಲಿ ಸಹಜವಾಗಿರುವುದನ್ನು ರೋಗವೆಂದು ಬರೆಯುವುದು. ಹಲವು ಉಗುರುಗಳಲ್ಲಿ ಉದ್ದಕ್ಕೂ ಇರುವ ತೆಳು ಕಂದು ಗೆರೆಗಳು, ನಾಲಿಗೆಯ ಮತ್ತು ಒಸಡಿನ ಕಪ್ಪು ಚುಕ್ಕೆಗಳು ಬಹುಮಟ್ಟಿಗೆ ಸಹಜವಾದವು. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿರುವ, ಉಗುರಿನ ಬುಡದ ಚರ್ಮಕ್ಕೂ ಹರಡಿರುವ ಗೆರೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಹಾಗೆಯೇ, ಕುತ್ತಿಗೆಯ ಹಿಂಭಾಗ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ಅದು ಕೊಳೆಯಲ್ಲ. ಎಷ್ಟೋ ಹುಡುಗಿಯರು ಅದನ್ನು ತಿಕ್ಕಿ ತಿಕ್ಕಿ ಗಾಯ ಮಾಡಿಕೊಂಡು ಬರುತ್ತಾರೆ. ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದರ ಗುರುತು ಅದಾಗಿರಬಹುದು. ಸಕ್ಕರೆಯ ಪರೀಕ್ಷೆ ಮಾಡಿಸಬೇಕು.

ಕುಷ್ಠರೋಗದ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ‘ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ’ ಎಂಬ ಗೋಡೆಬರಹವನ್ನು ನೋಡಿ ಬೆಳೆದವರು ನಾವು. 2005ರ ಕೊನೆಗೆ ದೇಶದ ಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ರೋಗಿಗಳಿದ್ದಾರೆಂದು ಘೋಷಣೆಯಾದ ಮೇಲೆ, ರೋಗ ಇನ್ನೂ ಇದೆ ಎಂಬುದೇ ಹೊಸ ವೈದ್ಯರ ಮನಸ್ಸಿನಿಂದ ಜಾರಿದೆ. ಮಚ್ಚೆ ಬೆನ್ನಿನಲ್ಲಿಯೋ ಪೃಷ್ಠದಲ್ಲಿಯೋ ಇದ್ದರೆ, ನೋವೂ ತುರಿಕೆಯೂ ಇಲ್ಲದ್ದರಿಂದ ರೋಗಿಗೇ ಅದು ಗೊತ್ತಿರುವುದಿಲ್ಲ. ಚಿಬ್ಬು ಎಂದು ಮುಲಾಮು ಪಡೆದುಕೊಂಡು ವರ್ಷ ಕಳೆದು, ಬೆರಳು ಮಡಚಿಕೊಂಡ ಮೇಲೆ ನನ್ನ ಬಳಿಗೆ ಬಂದವರಿದ್ದಾರೆ. ತೊನ್ನಿನ ಬಿಳುಪು ಸುಣ್ಣದಂತೆ ಪೂರ್ತಿಯಾಗಿರುತ್ತದೆ. ಕುಷ್ಠದ ಮಚ್ಚೆಯಲ್ಲಿ ಬಣ್ಣ ಕುಗ್ಗಿರುತ್ತದೆಯೇ ಹೊರತು ಪೂರ್ತಿ ಹೋಗಿರುವುದಿಲ್ಲ. ಇದನ್ನು ಹಗಲು ಬೆಳಕಿನಲ್ಲಿ, ಓರೆಯಾಗಿ ನಿಂತು ನೋಡಿದರೆ ಮಾತ್ರ ಖಚಿತವಾಗಿ ತಿಳಿಯುತ್ತದೆ. ಟಾರ್ಚನ್ನು ನೇರವಾಗಿ ಹಿಡಿದರೆ ತೆಳುವಾದ ಮಚ್ಚೆ ಮಾಯವಾಗುತ್ತದೆ.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇರುವಾಗ ನೀಲಿಯನ್ನು ಕಣ್ಣಿನಿಂದ ಏಕೆ ಹುಡುಕಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಮ್ಲಜನಕದ ಕೊರತೆಯನ್ನು ಆ ಸಾಧನ ಗುರುತಿಸದೆ ಹೋದದ್ದು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಅಂಕಿ ಚೆನ್ನಾಗಿದ್ದು ರೋಗಿ ಚೆನ್ನಾಗಿ ಕಾಣದಿದ್ದರೆ, ರೋಗಿಯನ್ನು ನಂಬಿ.

ಉತ್ತರ 3: ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಉಪಕೇಂದ್ರ

ನಾನು ವೈದ್ಯೆಯಲ್ಲ. ಆದರೆ ನಮ್ಮ ಕೆಲಸದಲ್ಲಿ ನೋಟವೇ ಮುಖ್ಯ ಸಾಧನವಾಗಿರುವುದರಿಂದ ಬರೆಯಲು ಧೈರ್ಯ ಮಾಡುತ್ತಿದ್ದೇನೆ. ಕೆಮ್ಮು ಎಂದು ಮಗುವನ್ನು ಕರೆತಂದಾಗ ಮೊದಲು ತಾಯಿಯ ಮಡಿಲಿನಲ್ಲಿಯೇ ಇರಲು ಬಿಟ್ಟು, ಅಂಗಿಯನ್ನು ಮೇಲೆತ್ತಿಸಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತೇವೆ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40; ಇದನ್ನು ಮುಟ್ಟಿದರೆ ವೇಗದ ಉಸಿರು. ಉಸಿರು ಎಳೆದುಕೊಳ್ಳುವಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಹೋಗುತ್ತಿದೆಯೇ ಎಂದು ನೋಡುತ್ತೇವೆ. ತಾಯಂದಿರು ‘ಪಕ್ಕೆ ಎಳೆಯುತ್ತಿದೆ’ ಎಂದು ಅದನ್ನು ನಮಗಿಂತ ಮೊದಲೇ ಗುರುತಿಸಿರುತ್ತಾರೆ. ಮಗು ಅಳುತ್ತಿದ್ದರೆ ಎರಡೂ ಲೆಕ್ಕಕ್ಕೆ ಬರುವುದಿಲ್ಲ. ಹಾಲೂಡಿಸಲು ಹೇಳಿ, ಸಮಾಧಾನವಾಗುವವರೆಗೆ ಕಾಯಬೇಕು.

ರಕ್ತಹೀನತೆಗೆ ಮಗುವಿನ ಅಂಗೈಯನ್ನು ನನ್ನ ಅಂಗೈಯ ಪಕ್ಕದಲ್ಲಿ ಹಿಡಿದು ನೋಡಬೇಕೆಂದು ತರಬೇತಿಯಲ್ಲಿ ಕಲಿಸಿದರು. ಇಲ್ಲಿ ಒಂದು ತೊಡಕಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೋಲಿಸಲು ಹಿಡಿದ ನನ್ನ ಕೈಯೂ ಬಿಳಿಚಿರಬಹುದು. ದಿನವೂ ಬಿಳಿಚಿದ ಮುಖಗಳನ್ನೇ ನೋಡುತ್ತಿದ್ದರೆ ಕಣ್ಣು ಅದನ್ನೇ ಸಹಜವೆಂದುಕೊಳ್ಳುತ್ತದೆ. ಆದ್ದರಿಂದ ಗರ್ಭಿಣಿಯರು ಎಷ್ಟೇ ಕೆಂಪಗೆ ಕಂಡರೂ ಹಿಮೋಗ್ಲೋಬಿನ್ ಪರೀಕ್ಷೆಯನ್ನು ನಾನು ಬಿಡುವುದಿಲ್ಲ. ನವಜಾತ ಶಿಶುವಿನ ಕಾಮಾಲೆಗೂ ಹಾಗೆಯೇ: ಕಿಟಕಿಯ ಬಳಿ, ಮೂಗಿನ ತುದಿಯನ್ನೋ ಎದೆಯನ್ನೋ ಬೆರಳಿನಿಂದ ಒತ್ತಿ ಬಿಟ್ಟು ಹಳದಿ ಇದೆಯೇ ಎಂದು ನೋಡುತ್ತೇನೆ, ಆದರೆ ಎಷ್ಟಿದೆ ಎಂಬುದನ್ನು ಕಣ್ಣಿನಿಂದ ಅಳೆಯಲು ಹೋಗುವುದಿಲ್ಲ, ಸಂಶಯ ಬಂದರೆ ಪರೀಕ್ಷೆಗೆ ಕಳುಹಿಸುತ್ತೇನೆ.

ಸೆರಗಿನ ವಿಷಯ ಕೇಳಿದ್ದೀರಿ. ಮೊದಲು ಪರದೆ ಎಳೆಯಿರಿ, ಜೊತೆಯಲ್ಲಿ ಬಂದ ಗಂಡಸರನ್ನು ಹೊರಗೆ ಕೂರಲು ಹೇಳಿ, ಆಮೇಲೆ ಕಾರಣ ತಿಳಿಸಿ. ‘ಅಮ್ಮಾ, ಉಸಿರಾಡುವಾಗ ಎದೆ ಎರಡೂ ಕಡೆ ಸಮನಾಗಿ ಏಳುತ್ತದೆಯೇ ಎಂದು ನೋಡಬೇಕಾಗಿದೆ, ಅದಕ್ಕೆ ಸೆರಗು ಸ್ವಲ್ಪ ಸರಿಸಬೇಕು, ಸಿಸ್ಟರ್ ಇಲ್ಲೇ ಇರುತ್ತಾರೆ’ ಎಂದರೆ ಬೇಡವೆಂದವರು ನನಗೆ ನೆನಪಿಲ್ಲ. ಒಂದು ಭಾಗವನ್ನು ನೋಡಿದ ಮೇಲೆ ಅದನ್ನು ಮುಚ್ಚಿ, ಆಮೇಲೆ ಮುಂದಿನ ಭಾಗವನ್ನು ತೆರೆಯಿರಿ.

ಉತ್ತರ 4: ಓದುಗ

ವೈದ್ಯಕೀಯ ನನ್ನ ಕ್ಷೇತ್ರವಲ್ಲ. ನನ್ನ ತಾಯಿ ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯೊಂದರ ವಾರ್ಡಿನಲ್ಲಿದ್ದಾಗ, ಹತ್ತು ಹನ್ನೆರಡು ವಿದ್ಯಾರ್ಥಿಗಳು ಸುತ್ತ ನಿಂತು ಅವರ ಹೊಟ್ಟೆಯನ್ನು ನೋಡಿದರು, ಇಂಗ್ಲಿಷಿನಲ್ಲಿ ಮಾತಾಡಿಕೊಂಡರು, ಹೊರಟರು. ಹೊದಿಕೆಯನ್ನು ಯಾರೂ ಮತ್ತೆ ಎಳೆಯಲಿಲ್ಲ. ಕೈಗೆ ಸಲೈನ್ ಇದ್ದುದರಿಂದ ಅಮ್ಮನಿಗೆ ತಾನಾಗಿ ಎಳೆದುಕೊಳ್ಳಲು ಆಗಲಿಲ್ಲ. ಆ ದಿನ ಸಂಜೆಯವರೆಗೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರಲ್ಲಿ ಒಬ್ಬ ಹುಡುಗ ಮಾತ್ರ ಮಾರನೆಯ ದಿನ ಒಬ್ಬನೇ ಬಂದು, ‘ಅಜ್ಜಿ, ನಿನ್ನೆ ನಾವು ನೋಡಿದ್ದು ಇದನ್ನು, ಇದರ ಅರ್ಥ ಹೀಗೆ’ ಎಂದು ಕನ್ನಡದಲ್ಲಿ ವಿವರಿಸಿ ಹೋದ. ಇಂದಿಗೂ ಅಮ್ಮ ಅವನನ್ನು ನೆನೆಯುತ್ತಾರೆ. ನೋಡುವವರು ನೀವಾದಾಗ ಇದನ್ನು ಮರೆಯದಿರಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಓದುಗರು ಬರೆದಿರುವುದನ್ನು ನಮ್ಮ ತಂಡದ ಎಲ್ಲರಿಗೂ ಓದಿ ಹೇಳಿದ್ದೇನೆ. ಇಂದು ಹೊಸದಾಗಿ ದಾಖಲಾದ ಅಮ್ಮ ಒಬ್ಬರ ಬಳಿ, ಪರದೆ ಎಳೆದು, ಕಾರಣ ಹೇಳಿ, ಕಾಲುಗಡೆ ನಿಂತು ಒಂದು ನಿಮಿಷ ನೋಡಿದೆ. ಮೊದಲ ಅರ್ಧ ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಎದೆಯ ಬಲಭಾಗ ಎಡಭಾಗಕ್ಕಿಂತ ತುಸು ತಡವಾಗಿ, ಕಡಿಮೆಯಾಗಿ ಏಳುತ್ತಿರುವಂತೆ ಕಂಡಿತು. ತಟ್ಟಿದಾಗ ಅದೇ ಬದಿಯ ಕೆಳಭಾಗದಲ್ಲಿ ಕಲ್ಲಿನ ಮೇಲೆ ತಟ್ಟಿದಂತಹ ಮೊಂಡು ಸದ್ದು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬಿರುವುದು ಕಂಡಿತು.

ಒಂದು ಸಂದೇಹ ಉಳಿದಿದೆ. ರಾತ್ರಿ ಪಾಳಿಯಲ್ಲಿ ಕಿಟಕಿಯ ಬೆಳಕು ಇರುವುದಿಲ್ಲ. ಕೇಸ್ ಶೀಟಿನಲ್ಲಿ ‘ಕಾಮಾಲೆ ಇಲ್ಲ’ ಎಂದು ಬರೆಯುವಾಗ ಕೈ ತಡೆಯುತ್ತದೆ. ಹಾಗೆಂದು ಖಾಲಿ ಬಿಡುವಂತಿಲ್ಲ.

ಉತ್ತರ 1 ಬರೆದವರು

ಖಾಲಿ ಬಿಡಬೇಡಿ, ‘ಇಲ್ಲ’ ಎಂದೂ ಬರೆಯಬೇಡಿ. ‘ಟ್ಯೂಬ್‌ಲೈಟಿನಲ್ಲಿ ನೋಡಿದಾಗ ಕಾಮಾಲೆ ಕಾಣಲಿಲ್ಲ’ ಎಂದು ಬರೆದು, ಸಮಯ ಹಾಕಿ. ಬೆಳಿಗ್ಗೆ ರೌಂಡ್ಸಿಗೆ ಬರುವವರಿಗೆ ಏನನ್ನು ಮತ್ತೊಮ್ಮೆ ನೋಡಬೇಕೆಂಬುದು ಆಗ ತಿಳಿಯುತ್ತದೆ. ಸಾಧ್ಯವಾದರೆ ಬೆಳಕು ಹರಿದ ಮೇಲೆ, ಪಾಳಿ ಮುಗಿಸಿ ಹೋಗುವ ಮುನ್ನ, ನೀವೇ ಒಮ್ಮೆ ಆ ರೋಗಿಯ ಬಳಿ ಹೋಗಿ ರೆಪ್ಪೆ ಎತ್ತಿ ನೋಡಿ, ಕೆಳಗೆ ಇನ್ನೊಂದು ಸಾಲು ಸೇರಿಸಿ.